ಊರ ಸಹಕಾರಿ ಸಂಘವೂ ಹೆಣ್ಣುಮಕ್ಕಳ ವಿದ್ಯೆಯೂ

ಸ್ಮರಣ ಸಂಚಿಕೆಯಲ್ಲಿ ಶಾಲೆಯ ಸಂಗತಿಗಳನ್ನೇ ಬರೆಯುವ ವಾಡಿಕೆಯುಂಟು. ಈ ಸಲ ನಾವು ಒಕ್ಕಲಿಗರ ಸಹಕಾರಿ ಸಂಘಗಳ ಕುರಿತು ನಾಲ್ಕು ಮಾತು ಬರೆಯುತ್ತೇವೆ. ಇದೂ ಶಾಲೆಯ ವಿಷಯವೇ ಎಂಬುದು ಓದುತ್ತ ಹೋದಂತೆ ತಿಳಿಯುವದು.

ಸಿಂದಗಿ ತಾಲೂಕಿನ ಕನ್ನೊಳ್ಳಿಯೂ ಅದರ ಸುತ್ತಲಿನ ಊರುಗಳೂ ಮಳೆಯನ್ನು ನಂಬಿದ ಎರೆಭೂಮಿಯ ಸೀಮೆಗೆ ಸೇರಿದವು. ಬಿಳಿಜೋಳ, ತೊಗರಿ, ಕಡಲೆ ಈ ಸೀಮೆಯ ಬೆಳೆಗಳು. ಮಳೆ ತಪ್ಪಿದ ವರ್ಷ ಬಿತ್ತಿದ ಬೀಜವೂ ಬಾರದೆ ಸಾಲ ಉಳಿಯುವದು. ಸಾಲ ತೀರಿಸಲು ಸಂಸಾರವೇ ಕಬ್ಬು ಕಡಿಯಲಿಕ್ಕೋ ಕಟ್ಟಡದ ಕೆಲಸಕ್ಕೋ ಮಹಾರಾಷ್ಟ್ರ, ಗೋವೆಗಳಿಗೆ ಗುಳೆ ಹೋಗುವದು. ದೀಪಾವಳಿಯ ರಜೆ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಗೈರು ಎಂದೇ ಬರೆಯುತ್ತ ಹೋಗುವ ದುಃಖ ಶಿಕ್ಷಕಿಯರಿಗೆ ಗೊತ್ತು. ತಮ್ಮನನ್ನು ನೋಡಿಕೊಳ್ಳಲು ಅಕ್ಕನೇ ಬೇಕಾಗುವದರಿಂದ ಮೊದಲು ಶಾಲೆ ಬಿಡುವವಳು ಹುಡುಗಿ.

ಇಲ್ಲಿ ಒಂದು ಸುಲಭ ಲೆಕ್ಕವನ್ನು ಮಾಡಿ ನೋಡೋಣ. ಒಬ್ಬ ಒಕ್ಕಲಿಗನು ಬಿತ್ತನೆಗಾಗಿ ಖಾಸಗಿಯಾಗಿ 20,000 ರೂಪಾಯಿ ಸಾಲ ತಂದನೆನ್ನಿರಿ. ಬಡ್ಡಿ ತಿಂಗಳಿಗೆ ನೂರಕ್ಕೆ 3 ರೂಪಾಯಿ. ಹತ್ತು ತಿಂಗಳಿಗೆ ಬಡ್ಡಿಯೇ 6,000 ರೂಪಾಯಿ ಆಗುವದು. ಅದೇ ಹಣವನ್ನು ಊರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘದಿಂದ ಬಡ್ಡಿರಹಿತ ಬೆಳೆಸಾಲವಾಗಿ ಪಡೆದು ವಾಯಿದೆಯೊಳಗೆ ತೀರಿಸಿದರೆ ಈ 6,000 ರೂಪಾಯಿ ಮನೆಯಲ್ಲಿಯೇ ಉಳಿಯುವದು. ಇಂಥ ಸಾಲದ ಮಿತಿಯನ್ನು ಕರ್ನಾಟಕ ಸರಕಾರವು 2023ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು.

ಈ ಸಂಘಗಳು ಹುಟ್ಟಿದ್ದು ಬರದ ನೋವಿನಿಂದ. ಜರ್ಮನಿಯಲ್ಲಿ 1846-47ರ ಹಸಿವಿನ ಕಾಲದಲ್ಲಿ ರೈಫೈಸನ್ ಎಂಬ ಊರ ಮುಖ್ಯಸ್ಥನು ಬಡವರಿಗೆ ರೊಟ್ಟಿ ಒದಗಿಸಲು ಜನರನ್ನು ಒಗ್ಗೂಡಿಸಿದನು. ಮುಂದೆ ಅದೇ ಅನುಭವದಿಂದ ಒಕ್ಕಲಿಗರ ಸಾಲದ ಸಂಘಗಳನ್ನು ಕಟ್ಟಿದನು. ನಮ್ಮ ಸೀಮೆಯೂ 1876-78ರ ಘೋರ ಬರವನ್ನು ಕಂಡಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದ ಮರುವರ್ಷವೇ, 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಸ್ಥಾಪಿಸಿದರು. ಅದು ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಪ್ರಸಿದ್ಧವಾಗಿದೆ. ದಾರಿ ತೋರಿದ್ದು ದೊಡ್ಡ ಪಟ್ಟಣವಲ್ಲ, ಕನ್ನೊಳ್ಳಿಯಂತೆಯೇ ಒಂದು ಹಳ್ಳಿ.

ಸಂಘದ ನಿಯಮ ಸರಳವಾದದ್ದು. ಸದಸ್ಯರು ಷೇರು ಹಣ ಕೂಡಿಸುವರು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಒಬ್ಬನು ತೀರಿಸಿದ ಹಣ ಮುಂದೆ ಇನ್ನೊಬ್ಬನಿಗೆ ಸಾಲವಾಗುವದು. ಆದುದರಿಂದ ಶಕ್ತಿಯಿದ್ದೂ ತೀರಿಸದವನು ನೆರೆಯವನ ಬಿತ್ತನೆಯನ್ನೇ ಕೆಡಿಸುವನು.

ಆದರೂ ಒಂದು ಕೊರತೆಯನ್ನು ಮುಚ್ಚಿಡಬಾರದು. ಬೆಳೆಸಾಲಕ್ಕೆ ಪಹಣಿ ಬೇಕು. ಪಹಣಿ ಬಹುಮಟ್ಟಿಗೆ ಗಂಡಸರ ಹೆಸರಿನಲ್ಲಿರುವದು. ದಿನವೆಲ್ಲ ಕಳೆ ತೆಗೆಯುವ ಹೆಣ್ಣುಮಗಳಿಗೂ ಹೊಲವಿಲ್ಲದ ಕೂಲಿಕಾರನಿಗೂ ಈ ಬಾಗಿಲು ಸುಲಭವಾಗಿ ತೆರೆಯದು. ಗುಳೆ ಹೋಗುವವರಲ್ಲಿ ಅವರೇ ಬಹಳ. ಅವರಿಗೆ ಹಾಲು ಉತ್ಪಾದಕರ ಸಹಕಾರಿ ಸಂಘವು ಹೆಚ್ಚು ಸಮೀಪದ್ದು. ಹೊಲವಿಲ್ಲದಿದ್ದರೂ ಒಂದು ಎಮ್ಮೆ ಕಟ್ಟಿ ಹಾಲು ಹಾಕುವವಳು ಅಲ್ಲಿ ಸದಸ್ಯಳಾಗಬಲ್ಲಳು. ಸ್ತ್ರೀಶಕ್ತಿ ಸಂಘದ ಉಳಿತಾಯವೂ ಅಂಥವರ ಕೈ ಹಿಡಿಯುವದು. ಹನಿ ಹನಿ ಗೂಡಿದರೆ ಹಳ್ಳ ಎಂಬ ಹಿರಿಯರ ಮಾತು ಸುಳ್ಳಲ್ಲ.

ಹಳೆಯ ವಿದ್ಯಾರ್ಥಿನಿಯರೇ, ನೀವು ಲೆಕ್ಕ ಕಲಿತವರು. ಅತ್ತೆಯ ಮನೆಯ ಊರಿನಲ್ಲಿ ಸಂಘವಿದ್ದರೆ ನಿಮ್ಮ ಹೆಸರಿನಲ್ಲಿಯೂ ಒಂದು ಷೇರು ಪಡೆಯಿರಿ. ವಾರ್ಷಿಕ ಸಭೆಗೆ ಹೋಗಿ ಜಮಾ ಖರ್ಚನ್ನು ಓದಿ ಕೇಳಿರಿ. ಓದು ಬಾರದ ನೆರೆಯವಳ ಪಾಸ್ ಪುಸ್ತಕವನ್ನು ಅವಳಿಗೆ ಓದಿ ಹೇಳಿರಿ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲಾದ ಸ್ಥಾನದಲ್ಲಿ ಕೇವಲ ಸಹಿ ಮಾಡುವವರಾಗಿ ಕುಳಿತುಕೊಳ್ಳಬೇಡಿರಿ. ಪಾಲಕರೇ, ವಾಯಿದೆಗೆ ಸರಿಯಾಗಿ ಸಾಲ ತೀರಿಸಿರಿ. ಅನಿವಾರ್ಯವಾಗಿ ಗುಳೆ ಹೋಗಬೇಕಾದರೆ ಮಗಳನ್ನು ಅಜ್ಜಿಯ ಬಳಿಯಲ್ಲಾಗಲಿ ವಸತಿನಿಲಯದಲ್ಲಾಗಲಿ ಬಿಟ್ಟು ಹೋಗಿರಿ.

ಬರುವ ದೀಪಾವಳಿಯ ನಂತರ ನಮ್ಮ ಹಾಜರಿ ಪುಸ್ತಕದಲ್ಲಿ ಗೈರಾಗುವ ಹೆಸರುಗಳಲ್ಲಿ ಒಂದಾದರೂ ಕಡಿಮೆಯಾದರೆ, ಈ ಪಾಠವನ್ನು ಬರೆದದ್ದು ಸಾರ್ಥಕವೆಂದು ನಾವು ತಿಳಿಯುವೆವು.