ಮೇಸ್ತ್ರಿಯ ಮಾಸ್ಕ್: ಸಾಮಾಜಿಕ ಪ್ರಭಾವವನ್ನು ಅಳೆಯುವುದು ಹೇಗೆ?

ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದದ್ದು 1924ರಲ್ಲಿ. ಮುಖ್ಯಸ್ಥರು ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಬಳಿ ಕಲಿತ ಎಂ.ವಿ. ಗೋಪಾಲಸ್ವಾಮಿ.  

ಮನೋವಿಜ್ಞಾನದಲ್ಲಿ ಸಾಮಾಜಿಕ ಪ್ರಭಾವವನ್ನು, ಅಂದರೆ ಗುಂಪಿನ ಒತ್ತಡವನ್ನು, ಅಳೆಯಲು ಸೊಲೊಮನ್ ಆಶ್ 1951ರಲ್ಲಿ ವರದಿ ಮಾಡಿದ, ಗೆರೆಗಳ ಉದ್ದ ಹೋಲಿಸುವ ಪ್ರಯೋಗವೇ ಮಾದರಿ. ಉಳಿದವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ಕಣ್ಣಿಗೆ ಸರಿ ಕಂಡದ್ದನ್ನೂ ಬಿಟ್ಟು ಸುಮಾರು ಮೂರನೇ ಒಂದು ಭಾಗದ ಉತ್ತರಗಳು ಗುಂಪಿನ ಕಡೆ ವಾಲಿದವು.

ನಮಗೆ ಇನ್ನೂ ಹತ್ತಿರದ್ದು ಗಡಿಯಾಚೆಯ ಚಿತ್ತೂರು ಜಿಲ್ಲೆಯಲ್ಲಿ ಕೈ ತೊಳೆಯುವ ಅಭ್ಯಾಸ ಬೆಳೆಸಲು ನಡೆದ ‘ಸೂಪರ್ ಅಮ್ಮ’ ಪ್ರಯೋಗ. 14 ಹಳ್ಳಿಗಳನ್ನು ಯಾದೃಚ್ಛಿಕವಾಗಿ ಏಳೇಳರಂತೆ ಎರಡು ಗುಂಪುಗಳಿಗೆ ಹಂಚಿದರು. ಪ್ರಾಯೋಗಿಕ ಗುಂಪಿನಲ್ಲಿ ರೋಗಾಣುಗಳ ಪಾಠ ಹೇಳದೆ, ತಾಯ್ತನದ ಅಕ್ಕರೆ, ಹೇಸಿಗೆ, ಊರಿನವರ ಮೆಚ್ಚುಗೆಗಳನ್ನು ತಟ್ಟಿದರು. ಸಂಶೋಧಕರು ‘ಕೈ ತೊಳೆಯುತ್ತೀರಾ?’ ಎಂದು ಕೇಳಲಿಲ್ಲ, ಮನೆಯಲ್ಲಿ ಕೂತು ನೋಡಿದರು. ಕೇಳಿದರೆ ಯಾರು ತಾನೆ ಇಲ್ಲ ಎನ್ನುತ್ತಾರೆ? ಆರು ತಿಂಗಳಿಗೆ ಸೋಪಿನಿಂದ ಕೈ ತೊಳೆಯುವ ಪ್ರಮಾಣ ಪ್ರಾಯೋಗಿಕ ಗುಂಪಿನಲ್ಲಿ ಶೇ. 37, ನಿಯಂತ್ರಿತ ಗುಂಪಿನಲ್ಲಿ ಶೇ. 6. ಫಲಿತಾಂಶ ಪ್ರಕಟವಾದದ್ದು 2014ರಲ್ಲಿ.

ಈಗ ಶಹಾಬಾದಕ್ಕೆ ಬನ್ನಿ. ಪರಸಿ ಕಲ್ಲು ಪಾಲಿಶ್ ಮಾಡುವಲ್ಲಿ ಮೇಸ್ತ್ರಿ ಮಾಸ್ಕ್ ಹಾಕಿದರೆ ಕೂಲಿಕಾರರೂ ಹಾಕುತ್ತಾರೆಯೇ? ಸಮೀಕ್ಷೆ ‘ಹೌದು’ ಎಂದರೂ ಅದು ಸಹಸಂಬಂಧ ಮಾತ್ರ. ಮಾಲೀಕರ ಕಟ್ಟುನಿಟ್ಟೇ ಎರಡಕ್ಕೂ ಕಾರಣವಿರಬಹುದು. ಯಾವ ಘಟಕದ ಮೇಸ್ತ್ರಿ ಹಾಕಬೇಕೆಂದು ಚೀಟಿ ಎತ್ತಿ ನಿರ್ಧರಿಸಿದರೆ ಅದು ಪ್ರಯೋಗ. ಇಲ್ಲಿ ಮೇಸ್ತ್ರಿಯ ಮಾಸ್ಕ್ ಸ್ವತಂತ್ರ ಚರ, ಮಾಸ್ಕ್ ಹಾಕಿದ ಕೂಲಿಕಾರರ ಸಂಖ್ಯೆ ಅವಲಂಬಿತ ಚರ. ಆದರೆ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕುತ್ತು. ಹೋಲಿಕೆಗೆಂದು ಯಾರಿಗೂ ಮಾಸ್ಕ್ ತಪ್ಪಿಸುವಂತಿಲ್ಲ.