ಪ್ರಶ್ನೋತ್ತರ: ಮನೆಯ ನಡೆನುಡಿ, ಶಾಲೆಯ ಅಂಗಳ

ಪ್ರಶ್ನೆ: ವಾರ್ಷಿಕೋತ್ಸವದಲ್ಲಿ ನಮ್ಮ ಶಾಲೆಯ ಕೊರಗ ಹುಡುಗನಿಗೆ ಡೋಲು ಬಾರಿಸಲು ಹೇಳಿದೆವು. ಚೆನ್ನಾಗಿ ಬಾರಿಸುತ್ತಾನೆ, ಆದರೆ ಒಲ್ಲೆನೆಂದು ಅತ್ತುಬಿಟ್ಟ. ನಾವು ಮಾಡಿದ್ದು ತಪ್ಪೇ?
– ಶಿಕ್ಷಕಿ, ಮೂಡುಬಿದಿರೆ

ಉತ್ತರ: ಉದ್ದೇಶ ಒಳ್ಳೆಯದೇ, ಕೇಳಿದ ಬಗೆ ಸರಿಯಿಲ್ಲ. ಡೋಲು ಕೊರಗರ ಹೆಮ್ಮೆಯೂ ಹೌದು, ಅವರ ಮೇಲೆ ಹೇರಿದ ಚಾಕರಿಯ ಗುರುತೂ ಹೌದು. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬಳಿ ಡೋಲು ಬಡಿಯುತ್ತ ಕೂರಬೇಕಿತ್ತು. ಕೂದಲು, ಉಗುರು ಬೆರೆಸಿದ ಅನ್ನ ಉಣ್ಣಿಸಿ ಬೇರೆಯವರ ಅರಿಷ್ಟವನ್ನು ಅವರಿಗೆ ದಾಟಿಸುವ ಆಚರಣೆಯೂ ಇತ್ತು. ಈ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯ್ದೆಯೇ ಬರಬೇಕಾಯಿತು. ಎಲ್ಲರೂ ತನ್ನ ಜಾತಿಯನ್ನು ಬೊಟ್ಟು ಮಾಡುತ್ತಾರೆಂಬ ಅಂಜಿಕೆ ಹುಡುಗನಿಗಿರಬಹುದು.

ಈ ಸಲ ಬಿಟ್ಟುಬಿಡಿ, ಕಾರಣ ಕೆದಕಬೇಡಿ. ಡೋಲು, ಕೊಳಲು ಬಲ್ಲ ಅಥವಾ ಬಿದಿರು, ಬಳ್ಳಿಯ ಬುಟ್ಟಿ ಹೆಣೆಯುವ ಹಿರಿಯರನ್ನು ಅವರ ಒಪ್ಪಿಗೆಯಿಂದಲೇ ಪಾಠ ಹೇಳಲು ಕರೆಸಿ. ಉಳಿದ ಅತಿಥಿಗಳಷ್ಟೇ ಗೌರವಧನ ಕೊಡಿ. ಎಲ್ಲ ಜಾತಿಯ ಮಕ್ಕಳೂ ಕೂತು ಕಲಿತರೆ ಅದು ವಿದ್ಯೆ. ಕೊರಗರ ಹುಡುಗನಿಗೆ ಮಾತ್ರ ವಹಿಸಿದರೆ ಹಳೆಯ ಚಾಕರಿಯೇ. ಅವನು ಸೇರುವುದು, ಬಿಡುವುದು ಅವನಿಷ್ಟ.

ಪ್ರಶ್ನೆ: ಮಲೆಕುಡಿಯ ಮಕ್ಕಳು ರಜೆಗೆ ಮನೆಗೆ ಹೋದರೆ ಬೇಗ ಮರಳುವುದಿಲ್ಲ. ಬಂದರೂ ಮಂಕಾಗಿರುತ್ತಾರೆ. ಕೌನ್ಸೆಲಿಂಗ್ ಸಾಕೇ?
– ಹಾಸ್ಟೆಲ್ ಮೇಲ್ವಿಚಾರಕ, ಬೆಳ್ತಂಗಡಿ

ಉತ್ತರ: ಬೇಕು, ಆದರೆ ಅದೊಂದೇ ಸಾಲದು. ನ್ಯೂಜಿಲೆಂಡಿನ ಮಾವೊರಿ ಮನೋವೈದ್ಯ ಮೇಸನ್ ಡ್ಯೂರಿ ಆರೋಗ್ಯಕ್ಕೆ ನಾಲ್ಕು ಗೋಡೆಗಳೆಂದರು: ದೇಹ, ಮನಸ್ಸು, ಕುಟುಂಬ, ಆತ್ಮ. ಹಾಸ್ಟೆಲ್ಲು ಊಟ, ಪಾಠ ನೋಡಿಕೊಳ್ಳುತ್ತದೆ. ಮನೆಮಂದಿ, ದೈವ, ಕಾಡು ಎಲ್ಲ ಘಟ್ಟದ ಬುಡದಲ್ಲೇ ಉಳಿಯುತ್ತವೆ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೆ ಕುತ್ಲೂರಿನಂಥ ಊರುಗಳಲ್ಲಿ ಒಕ್ಕಲೇಳುವ ಚಿಂತೆಯೂ ಸೇರಿಕೊಂಡಿದೆ. ಹಿರಿಯರ ಆ ಮಾತು ಮಕ್ಕಳ ಕಿವಿಗೂ ಬೀಳುತ್ತದೆ.

ಮನೆಯ ದೈವಗಳ ಪರ್ವದ ದಿನಗಳನ್ನು ಜೂನ್‌ನಲ್ಲೇ ಹೆತ್ತವರಿಂದ ಕೇಳಿಟ್ಟುಕೊಂಡು ರಜೆ ಕೊಡಿ; ಮರಳುವ ದಿನವನ್ನೂ ಅವರೊಂದಿಗೇ ಗೊತ್ತು ಮಾಡಿ. ಹಳ್ಳ ಉಕ್ಕಿ ದಾರಿ ಮುಚ್ಚಿದ್ದರೆ ಗದರಬೇಡಿ. ಆಟಿ ತಿಂಗಳಲ್ಲೊಂದು ದಿನ ಪತ್ರೊಡೆ, ಕಣಿಲೆ ಬಡಿಸಿ. ಆಟಿ ಅಮಾವಾಸ್ಯೆಗೆ ಕುಡಿಯುವ ಪಾಲೆ ಮರದ ತೊಗಟೆಯ ಕಷಾಯ ಮಾತ್ರ ಹಾಸ್ಟೆಲ್ಲಿನಲ್ಲಿ ಬೇಡ. ಮರದ ಗುರುತು ತಪ್ಪಿದರೆ ಜೀವಕ್ಕೇ ಅಪಾಯ. ಮಗು ನಿದ್ದೆ, ಊಟ ಬಿಟ್ಟರೆ ತಡಮಾಡದೆ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ.

ಪ್ರಶ್ನೆ: ತರಗತಿಯಲ್ಲಿ ತುಳು ಮಾತಾಡಿದರೆ ದಂಡ. ಮಗಳು ಈಗ ಅಜ್ಜಿಯ ಹತ್ತಿರವೂ ತುಳು ಮಾತಾಡುವುದಿಲ್ಲ.
– ಓರ್ವ ತಾಯಿ, ಬಂಟ್ವಾಳ

ಉತ್ತರ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ಮಾನಸಿಕ ಹಿಂಸೆ ಕೊಡಬಾರದೆನ್ನುತ್ತದೆ. 29ನೇ ಕಲಮು ಭಯವಿಲ್ಲದ ಕಲಿಕೆಯನ್ನೂ, ಸಾಧ್ಯವಾದಷ್ಟು ಮಾತೃಭಾಷೆಯ ಬೋಧನೆಯನ್ನೂ ಬಯಸುತ್ತದೆ. ನಮ್ಮ ಜಿಲ್ಲೆಯಲ್ಲೇ ತುಳು 2010ರಿಂದ ಐಚ್ಛಿಕ ತೃತೀಯ ಭಾಷೆ. ಪಠ್ಯವಾಗಿರುವ ಭಾಷೆಗೆ ದಂಡ ಹಾಕುವುದು ಯಾವ ನ್ಯಾಯ?

ಮೊದಲು ತರಗತಿ ಶಿಕ್ಷಕರೊಂದಿಗೆ ಮಾತಾಡಿ. ಆಗದಿದ್ದರೆ ಮುಖ್ಯಶಿಕ್ಷಕರಿಗೆ ಲಿಖಿತ ಮನವಿ ಕೊಡಿ, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ ಇದ್ದಾರೆ. ಈ ನಡುವೆ ಅಜ್ಜಿ, ಮೊಮ್ಮಗಳನ್ನು ಬಿ.ಸಿ. ರೋಡ್ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿ ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಅಲ್ಲಿನ ಹಳೆಯ ಸಾಮಾನುಗಳ ಹೆಸರು, ಬಳಕೆ ಅಜ್ಜಿಗೆ ಗೊತ್ತು. ಮೊಮ್ಮಗಳು ಕೇಳಲಿ; ಯಾವ ಭಾಷೆಯಲ್ಲಿ ಕೇಳಿದರೂ ನೀವು ತಿದ್ದಬೇಡಿ.