ಹಳೆಯ ಲಾನ್ ತೆಗೆದು ಬೀಜದಿಂದ ಕೆಂಟಕಿ ಬ್ಲೂಗ್ರಾಸ್ ಬೆಳೆಸುವುದು, ಹಂತ ಹಂತವಾಗಿ

ಶಿಕಾಗೊ, ಡೆಟ್ರಾಯ್ಟ್, ಮಿನಿಯಾಪೊಲಿಸ್ ಸುತ್ತಮುತ್ತ ಮನೆ ಕೊಂಡಿರುವ ನಮ್ಮವರ ಅಂಗಳಗಳಲ್ಲಿ ಜುಲೈ ಬಂತೆಂದರೆ ಹುಲ್ಲಿಗಿಂತ ಕಳೆಯೇ ಹೆಚ್ಚು. ಮನೆ ಕಟ್ಟಿದವರು ಹಾಸಿಹೋದ ಹುಲ್ಲು ವರ್ಷಗಳು ಕಳೆದಂತೆ ತೆಳುವಾಗಿ, ಆ ಜಾಗಕ್ಕೆ ಕ್ರ್ಯಾಬ್‌ಗ್ರಾಸ್, ಡ್ಯಾಂಡಿಲಯನ್, ಕ್ಲೋವರ್ ಬಂದು ಕೂತಿರುತ್ತವೆ. ಪ್ರತಿ ವಸಂತದಲ್ಲೂ ಅಂಗಡಿಯಿಂದ ಒಂದು ಚೀಲ ಬೀಜ ತಂದು ಬೋಳಾದ ಕಡೆ ಎರಚುವುದು, ಬೇಸಿಗೆಗೆ ಅದು ಒಣಗುವುದು, ಮತ್ತೆ ಎರಚುವುದು. ಅರ್ಧಕ್ಕಿಂತ ಹೆಚ್ಚು ಜಾಗ ಕಳೆಯಾಗಿದ್ದರೆ ಈ ತೇಪೆ ಕೆಲಸ ಬಿಟ್ಟು, ಇಡೀ ಲಾನನ್ನು ಒಂದೇ ಸಲ ಹೊಸದಾಗಿ ಮಾಡಿಬಿಡಿ ಎನ್ನುವುದು ನನ್ನ ಖಚಿತ ಸಲಹೆ.

ಚಳಿಗಾಲದಲ್ಲಿ ಹಿಮ ಬೀಳುವ ಈ ಪ್ರದೇಶಕ್ಕೆ ಕೆಂಟಕಿ ಬ್ಲೂಗ್ರಾಸ್ ಚೆನ್ನಾಗಿ ಹೊಂದುತ್ತದೆ. ಊರಿನ ಗರಿಕೆ ಗೆಣ್ಣು ಗೆಣ್ಣಿಗೆ ಬೇರಿಳಿಸಿ ಹಬ್ಬುವ ಹಾಗೆ, ಇದು ಮಣ್ಣಿನೊಳಗೆ ಅಡಿಕಾಂಡ ಓಡಿಸಿ ಹಬ್ಬುತ್ತದೆ. ನಾಯಿ ಉಚ್ಚೆಯಿಂದ ಸುಟ್ಟ ಜಾಗ, ಮಕ್ಕಳು ಆಡಿ ಸವೆದ ಜಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ರೈ ಗ್ರಾಸಿಗೆ ಈ ಗುಣ ಇಲ್ಲ, ಟಾಲ್ ಫೆಸ್ಕ್ಯೂಗೆ ತೀರಾ ಕಡಿಮೆ. ಅವು ಇದ್ದಲ್ಲೇ ಗುಂಪುಗಟ್ಟುವ ಹುಲ್ಲುಗಳು. ಆದರೆ ಬ್ಲೂಗ್ರಾಸ್ ಬಹಳ ನಿಧಾನ. ರೈ ಗ್ರಾಸ್ 5ರಿಂದ 10 ದಿನದಲ್ಲಿ ಮೊಳೆತರೆ, ಇದಕ್ಕೆ 14ರಿಂದ 30 ದಿನ ಬೇಕು. ಹೊಸಬರು ಕೈಚೆಲ್ಲುವುದು ಈ ಕಾಯುವಿಕೆಯಲ್ಲೇ. ಆ ತಡವನ್ನು ಮೊದಲೇ ಲೆಕ್ಕಕ್ಕಿಟ್ಟುಕೊಂಡು ಕೆಲಸಕ್ಕೆ ಇಳಿಯಬೇಕು.

ಹಂತ 1: ಜಾಗ ಹೊಂದುತ್ತದೆಯೇ ನೋಡಿ

ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳಬೇಕು. ಮೇಪಲ್ ಮರದ ದಟ್ಟ ನೆರಳಿನಲ್ಲಿ ಬ್ಲೂಗ್ರಾಸ್ ಎಷ್ಟು ಮುದ್ದು ಮಾಡಿದರೂ ಸೊರಗುತ್ತದೆ. ಅಲ್ಲಿಗೆ ಫೈನ್ ಫೆಸ್ಕ್ಯೂ ಹಾಕಿ. ಬಿತ್ತಿದ ಒಂದು ತಿಂಗಳು ದಿನಕ್ಕೆ ಹಲವು ಸಲ ನೀರು ಕೊಡುವ ಅನುಕೂಲವೂ ಇರಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಈ ಹುಲ್ಲಿನ ಆಸೆ ಬಿಡುವುದು ಒಳ್ಳೆಯದು.

ಹಂತ 2: ದಿನಾಂಕವನ್ನು ಹಿಂದಿನಿಂದ ಎಣಿಸಿ

ಬಿತ್ತನೆಗೆ ಸರಿಯಾದ ಕಾಲ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ನೆಲ ಇನ್ನೂ ಬೆಚ್ಚಗಿರುತ್ತದೆ, ರಾತ್ರಿಗಳು ತಂಪಾಗತೊಡಗುತ್ತವೆ, ಕ್ರ್ಯಾಬ್‌ಗ್ರಾಸ್ ಮೊಳೆಯುವ ಕಾಲ ಮುಗಿದಿರುತ್ತದೆ. ವಸಂತದಲ್ಲಿ ಬಿತ್ತಿದರೆ ಎಳೆ ಸಸಿಗಳು ಬೇರೂರುವ ಮೊದಲೇ ಜುಲೈ ಬಿಸಿಲಿಗೆ ಸಿಗುತ್ತವೆ, ಕಳೆಗಳ ಜೊತೆಯೂ ಸೆಣಸಬೇಕಾಗುತ್ತದೆ. ಬ್ಲೂಗ್ರಾಸಿನ ನಿಧಾನಕ್ಕೆ ಸೆಪ್ಟೆಂಬರ್ ಮಧ್ಯವೂ ತಡವೇ. ಆಗಸ್ಟ್ 20ರ ಆಸುಪಾಸನ್ನು ಗುರಿಯಾಗಿಟ್ಟುಕೊಳ್ಳಿ. ಹಾಗಾದರೆ ಹಳೆಯ ಹುಲ್ಲನ್ನು ಕೊಲ್ಲುವ ಕೆಲಸ ಜುಲೈ ಮಧ್ಯದಲ್ಲೇ ಶುರುವಾಗಬೇಕು.

ನಮ್ಮವರ ಮನೆಗಳಲ್ಲಿ ಇನ್ನೊಂದು ಲೆಕ್ಕವೂ ಇದೆ. ಗಣೇಶನ ಹಬ್ಬ ಬರುವುದು ಈ ನೀರುಣಿಸುವ ತಿಂಗಳ ನಡುವೆಯೇ. ಮನೆತುಂಬ ಬರುವ ನೆಂಟರು, ಮಕ್ಕಳು ಮೊಳಕೆಯ ಮೇಲೆ ಓಡಾಡದಂತೆ ಹಗ್ಗ ಕಟ್ಟಿ. ಬೇಸಿಗೆಗೆ ಬಂದ ಅಪ್ಪ ಅಮ್ಮ ಆಗಸ್ಟ್ ಕೊನೆಯವರೆಗೆ ಇರುವುದಾದರೆ ಮಧ್ಯಾಹ್ನದ ಹೊತ್ತು ನೆಲ ಒಣಗಿತೇ ಎಂದು ನೋಡಲು ಅವರಿಗಿಂತ ನಂಬಿಕಸ್ಥರು ಸಿಗಲಾರರು. ನೀವೇ ಊರಿಗೆ ಹೋಗುವ ವರ್ಷ ಮಾತ್ರ ಬಿತ್ತಬೇಡಿ.

ಹಂತ 3: ಮಣ್ಣು ಪರೀಕ್ಷೆ

ನಿಮ್ಮ ರಾಜ್ಯದ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ವಿಭಾಗವನ್ನು ಕೇಳಿ. ಮಣ್ಣನ್ನು ಎಲ್ಲಿ ಪರೀಕ್ಷೆ ಮಾಡಿಸಬೇಕೆಂದು ಅವರು ಹೇಳುತ್ತಾರೆ. ಜೂನ್‌ನಲ್ಲೇ ಮಾದರಿ ಕಳಿಸಿ. ಪಿಎಚ್ 6ರಿಂದ 7ರ ನಡುವೆ ಇದ್ದರೆ ಒಳ್ಳೆಯದು. ಹುಳಿ ಮಣ್ಣಾದರೆ ಎಷ್ಟು ಸುಣ್ಣ ಹಾಕಬೇಕೆಂದು ವರದಿಯಲ್ಲೇ ಇರುತ್ತದೆ. ಮಿನಿಸೋಟ, ಮಿಷಿಗನ್, ವಿಸ್ಕಾನ್ಸಿನ್ ಮೊದಲಾದ ರಾಜ್ಯಗಳಲ್ಲಿ ಲಾನಿಗೆ ರಂಜಕದ ಗೊಬ್ಬರ ಹಾಕುವುದಕ್ಕೆ ಕಾನೂನಿನ ನಿರ್ಬಂಧ ಇದೆ. ಹೊಸದಾಗಿ ಬಿತ್ತುವಾಗ, ಇಲ್ಲವೇ ಕೊರತೆ ಇದೆಯೆಂದು ಪರೀಕ್ಷೆ ತೋರಿಸಿದಾಗ ವಿನಾಯಿತಿ ಸಿಗುತ್ತದೆ.

ಹಂತ 4: ಬೀಜ ಕೊಳ್ಳುವಾಗ ಚೀಟಿ ಓದಿ

ಬಹುಪಾಲು ಲಾನುಗಳು ಕೆಡುವುದು ಚೀಲ ಕೊಳ್ಳುವಾಗಲೇ. ಸೂರ್ಯ, ನೆರಳು, ಮನೆ, ಮಕ್ಕಳ ಚಿತ್ರವಿರುವ ಚೀಲದ ಮುಂಭಾಗವನ್ನು ಬಿಟ್ಟು, ಹಿಂದಿರುವ ಸಣ್ಣಕ್ಷರದ ಚೀಟಿ ನೋಡಿ. ಯಾವ ತಳಿ ಶೇಕಡಾ ಎಷ್ಟು, ಕಳೆ ಬೀಜ ಎಷ್ಟು, ಬೇರೆ ಬೆಳೆಯ ಬೀಜ ಎಷ್ಟು, ಮೊಳೆಯುವ ಪ್ರಮಾಣ ಎಷ್ಟು, ಪರೀಕ್ಷಿಸಿದ್ದು ಯಾವಾಗ ಎಂಬುದೆಲ್ಲ ಅಲ್ಲಿ ಇರಲೇಬೇಕು. ಕಳೆ ಬೀಜ ಮತ್ತು ಬೇರೆ ಬೆಳೆ, ಎರಡೂ 0.00 ಇರುವ ಚೀಲ ಹುಡುಕಿ. ಬೇರೆ ಬೆಳೆ ಎಂಬ ಸಾಲಿನಲ್ಲಿ ಪೋವಾ ಟ್ರಿವಿಯಾಲಿಸ್‌ನಂಥ ಹುಲ್ಲು ಅಡಗಿರಬಹುದು. ಒಮ್ಮೆ ಬಂದರೆ ಬ್ಲೂಗ್ರಾಸನ್ನು ಉಳಿಸಿ ಅದನ್ನು ಮಾತ್ರ ಕೊಲ್ಲುವುದು ಬಹಳ ಕಷ್ಟ.

ತಳಿಯ ಹೆಸರಿಲ್ಲದ ಬೀಜ ಕೊಳ್ಳಬೇಡಿ. 1930ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಮೆರಿಯನ್ ಗಾಲ್ಫ್ ಕ್ಲಬ್‌ನ ಹುಲ್ಲಿನ ಮೇಲ್ವಿಚಾರಕ ಜೋ ವ್ಯಾಲೆಂಟೈನ್ ತಮ್ಮ ಮೈದಾನದಲ್ಲಿ ಸುತ್ತಲಿನ ಹುಲ್ಲಿಗಿಂತ ದಟ್ಟವಾದ, ಎಲೆಚುಕ್ಕೆ ರೋಗಕ್ಕೆ ಜಗ್ಗದ ಒಂದು ಬ್ಲೂಗ್ರಾಸ್ ತೇಪೆಯನ್ನು ಗುರುತಿಸಿದರು. ಅದೇ ಮುಂದೆ ಮೆರಿಯನ್ ತಳಿಯಾಗಿ ಹೆಸರಾಯಿತು. ಒಂದೇ ಗಿಡದಿಂದ ತಳಿ ಹುಟ್ಟಲು ಕಾರಣ ಈ ಹುಲ್ಲಿನ ವಿಶೇಷ ಗುಣ: ಇದರ ಬೀಜಗಳಲ್ಲಿ ಹೆಚ್ಚಿನವು ತಂದೆಯ ಅಂಶವಿಲ್ಲದೆ, ತಾಯಿಗಿಡದ ತದ್ರೂಪಾಗಿಯೇ ರೂಪುಗೊಳ್ಳುತ್ತವೆ. ಹೀಗಾಗಿ ಒಂದೇ ತಳಿ ಬಿತ್ತಿದರೆ ಇಡೀ ಅಂಗಳ ಹೆಚ್ಚುಕಡಿಮೆ ಒಂದೇ ಗಿಡ ಇದ್ದಂತೆ. ಬಣ್ಣವೇನೋ ಸಮನಾಗಿರುತ್ತದೆ, ಆದರೆ ತಗುಲಿದ ರೋಗ ಎಲ್ಲ ಕಡೆಗೂ ಹರಡುತ್ತದೆ. ಮೊದಲ ಸಲ ಮಾಡುವವರು ಮೂರು ತಳಿಗಳನ್ನು ಬೆರೆಸುವುದು ಕ್ಷೇಮ. ಮಿಡ್‌ನೈಟ್, ಅವಾರ್ಡ್, ಬಿವಿಚ್ಡ್ ಕಡು ಹಸಿರಿಗೆ ಹೆಸರಾದವು. ತಳಿಗಳನ್ನು ವರ್ಷಾನುಗಟ್ಟಲೆ ಬೆಳೆಸಿ ಅಂಕ ಕೊಡುವ ರಾಷ್ಟ್ರೀಯ ಹುಲ್ಲುಹಾಸು ಮೌಲ್ಯಮಾಪನ ಕಾರ್ಯಕ್ರಮದ ಪಟ್ಟಿಗಳಲ್ಲಿ ನಿಮ್ಮ ರಾಜ್ಯಕ್ಕೆ ಹತ್ತಿರದ ಪ್ರಯೋಗದ ಫಲಿತಾಂಶ ನೋಡಿಕೊಳ್ಳಿ.

1000 ಚದರ ಅಡಿಗೆ 2ರಿಂದ 3 ಪೌಂಡ್ ಬೀಜ ಸಾಕು. ಬೀಜ ಎಷ್ಟು ಸಣ್ಣದೆಂದರೆ ಪೌಂಡಿಗೆ ಸುಮಾರು 20 ಲಕ್ಷ ಕಾಳು. 2 ಪೌಂಡ್ ಹಾಕಿದರೆ ಒಂದು ಚದರ ಇಂಚಿಗೆ 25ಕ್ಕೂ ಹೆಚ್ಚು ಬೀಳುತ್ತವೆ. ಇನ್ನೂ ಸುರಿದರೆ ಸಸಿಗಳು ಒತ್ತೊತ್ತಾಗಿ ಬೆಳೆದು ಕೊಳೆತು ಸಾಯುತ್ತವೆ. ಲೇಪ ಹಚ್ಚಿದ ಬೀಜವಾದರೆ ತೂಕದ ಅರ್ಧದಷ್ಟು ಲೇಪವೇ ಇರಬಹುದು, ಅದನ್ನು ಕಳೆದು ಲೆಕ್ಕ ಹಾಕಿ.

ಹಂತ 5: ಹಳೆಯದನ್ನು ಪೂರ್ತಿ ಕೊಲ್ಲಿ

ಸಾಮಾನ್ಯವಾಗಿ ಬಳಸುವುದು ಗ್ಲೈಫೋಸೇಟ್. ಅದು ಒಳಗೆ ಹೋಗುವುದು ಹಸಿರೆಲೆಯ ಮೂಲಕ, ಆದ್ದರಿಂದ ಬಿಸಿಲಿಗೆ ಒಣಗಿ ಮಲಗಿದ ಹುಲ್ಲಿಗೆ ಹೊಡೆದು ಪ್ರಯೋಜನ ಇಲ್ಲ. ಒಂದು ವಾರ ನೀರುಣಿಸಿ ಚಿಗುರಿಸಿ, ಆಮೇಲೆ ಸಿಂಪಡಿಸಿ. ಹತ್ತು ಹನ್ನೆರಡು ದಿನಕ್ಕೆ ಎಲ್ಲ ಹಳದಿಯಾಗುತ್ತದೆ. ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಸತ್ತ ಹುಲ್ಲಿಗೇ ಮತ್ತೆ ನೀರು ಬಿಡಿ. ಉಳಿದುಕೊಂಡ ಬೇರುಗಳು ಚಿಗುರುತ್ತವೆ, ನೆಲದಲ್ಲಿದ್ದ ಕಳೆ ಬೀಜಗಳು ಮೊಳೆಯುತ್ತವೆ. ಅವಕ್ಕೆ ಎರಡನೇ ಸಲ ಹೊಡೆಯಿರಿ. ಈ ಎರಡನೇ ಸುತ್ತನ್ನು ತಪ್ಪಿಸಿದವರು ಮುಂದೆ ವರ್ಷಗಟ್ಟಲೆ ಕಳೆ ಕೀಳುತ್ತಾರೆ.

ಅಂಗಡಿಯಲ್ಲಿ ಬ್ರ್ಯಾಂಡ್ ಹೆಸರು ನೋಡಿ ಕೊಳ್ಳದೆ ಒಳಗಿರುವ ರಾಸಾಯನಿಕದ ಹೆಸರು ಓದಿ. ಒಂದೇ ಹೆಸರಿನಡಿ ಬೇರೆ ಬೇರೆ ಔಷಧಗಳು ಬರುತ್ತವೆ. ತಿಂಗಳುಗಟ್ಟಲೆ ಕಳೆ ಬರದಂತೆ ತಡೆಯುವ ಬಗೆ ತಂದರೆ ನಿಮ್ಮ ಬೀಜವೂ ಮೊಳೆಯುವುದಿಲ್ಲ. ಗಾಳಿ ಇಲ್ಲದ ಬೆಳಿಗ್ಗೆ, ಕೈಗವಸು, ಉದ್ದ ತೋಳಿನ ಅಂಗಿ, ಮುಚ್ಚಿದ ಬೂಟು ಹಾಕಿಕೊಂಡು ಸಿಂಪಡಿಸಿ. ಒಣಗುವವರೆಗೆ ಮಕ್ಕಳು, ನಾಯಿ ಅತ್ತ ಹೋಗಬಾರದು. ಪಕ್ಕದ ಕರಿಬೇವಿನ ಕುಂಡ, ಟೊಮೇಟೊ ಗಿಡಕ್ಕೆ ಒಂದು ಹನಿ ಹಾರಿದರೂ ಅಪಾಯ.

ವಿಷ ಬೇಡ ಎನ್ನುವವರು ಬಾಡಿಗೆಗೆ ಸಿಗುವ ಯಂತ್ರದಿಂದ ಹಳೆಯ ಹುಲ್ಲಿನ ಪದರವನ್ನೇ ಕೊಯ್ದು ತೆಗೆಯಬಹುದು. ಶ್ರಮ ಜಾಸ್ತಿ, ಆದರೆ ಸಣ್ಣ ಅಂಗಳಕ್ಕೆ ನನಗೆ ಅದೂ ಒಪ್ಪಿಗೆ.

ಹಂತ 6: ನೆಲ ಹದ ಮಾಡಿ

ಉಳುಮೆ ಬೇಡ. ಮಣ್ಣು ತಿರುವಿದರೆ ಆಳದಲ್ಲಿ ಮಲಗಿದ್ದ ಕಳೆ ಬೀಜಗಳೆಲ್ಲ ಮೇಲೆ ಬರುತ್ತವೆ. ಸತ್ತ ಹುಲ್ಲನ್ನು ಮೋವರ್‌ನಿಂದ ಸಾಧ್ಯವಾದಷ್ಟು ಕೆಳಕ್ಕೆ ಕತ್ತರಿಸಿ, ರೇಕ್‌ನಿಂದ ಗೋರಿ, ಮಣ್ಣು ಕಾಣುವಂತೆ ಮಾಡಿ. ನೆಲ ಗಟ್ಟಿಯಾಗಿದ್ದರೆ ತೂತು ಕೊರೆಯುವ ಏರೇಟರನ್ನು ಬಾಡಿಗೆಗೆ ತನ್ನಿ. ಅದಕ್ಕೂ ಮೊದಲು ಸ್ಪ್ರಿಂಕ್ಲರ್ ತಲೆಗಳಿಗೆ ಬಾವುಟ ನೆಡಿ, ಮೇಲುಮೇಲೆ ಹೂತ ಇಂಟರ್ನೆಟ್ ತಂತಿ ಎಲ್ಲಿದೆ ಎಂದು ತಿಳಿದುಕೊಳ್ಳಿ.

ಹಂತ 7: ಬಿತ್ತನೆ

ಬೀಜವನ್ನು ಎರಡು ಪಾಲು ಮಾಡಿ. ಒಂದು ಪಾಲನ್ನು ಸ್ಪ್ರೆಡರ್‌ನಲ್ಲಿ ಉತ್ತರ ದಕ್ಷಿಣವಾಗಿ, ಇನ್ನೊಂದನ್ನು ಪೂರ್ವ ಪಶ್ಚಿಮವಾಗಿ ಹಾಕಿದರೆ ನಡುವೆ ಪಟ್ಟೆ ಉಳಿಯುವುದಿಲ್ಲ. ರೇಕ್‌ನ ಬೆನ್ನಿನಿಂದ ಹಗುರವಾಗಿ ಎಳೆಯಿರಿ. ಕಾಲು ಇಂಚಿಗಿಂತ ಆಳಕ್ಕೆ ಹೋದ ಬೀಜ ಮೇಲೇಳಲು ಕಷ್ಟ. ಆಮೇಲೆ ರೋಲರ್ ಉರುಳಿಸಿ, ಬೀಜ ಮಣ್ಣಿಗೆ ಒತ್ತಿಕೊಳ್ಳಬೇಕು. ಮೇಲೆ ಪೀಟ್ ಮಾಸನ್ನು ಬೀಜ ಮರೆಯಾಗುವಷ್ಟೇ ತೆಳುವಾಗಿ ಉದುರಿಸಿ. ಒಣಗಿದಾಗ ಅದರ ಕಪ್ಪು ಬಣ್ಣ ತಿಳಿಯಾಗುತ್ತದೆ, ನೀರು ಯಾವಾಗ ಕೊಡಬೇಕೆಂದು ಅದೇ ಹೇಳುತ್ತದೆ. ಒಣಹುಲ್ಲು ಹೊದಿಸಬೇಡಿ, ಅದರ ಜೊತೆ ಕಳೆ ಬೀಜ ಬರುತ್ತದೆ.

ರಂಜಕ ಇರುವ ಆರಂಭಿಕ ಗೊಬ್ಬರವನ್ನು ಅದೇ ದಿನ ಹಾಕಬಹುದು. ಕಳೆ ತಡೆಯುವ ಔಷಧಗಳಲ್ಲಿ ಬ್ಲೂಗ್ರಾಸ್ ಬಿತ್ತುವ ದಿನವೇ ಬಳಸಬಹುದಾದದ್ದು ಮೆಸೊಟ್ರಯೋನ್. ಪ್ರೊಡಯಾಮಿನ್‌ನಂಥವು ಹುಲ್ಲನ್ನೂ ಮೊಳೆಯಲು ಬಿಡುವುದಿಲ್ಲ.

ಹಂತ 8: ನೀರು, ಮತ್ತು ಕಾಯುವುದು

ಮೇಲಿನ ಅರ್ಧ ಇಂಚು ಮಣ್ಣು ಸದಾ ತೇವವಾಗಿರಬೇಕು, ಕೆಸರಾಗಬಾರದು. ದಿನಕ್ಕೆ 3ರಿಂದ 5 ಸಲ, ಒಂದೊಂದು ಸಲ ಐದರಿಂದ ಹತ್ತು ನಿಮಿಷ. ಕೆಲಸಕ್ಕೆ ಹೋಗುವವರು ನಲ್ಲಿಗೆ ಹಾಕುವ ಟೈಮರ್ ಕೊಳ್ಳಲೇಬೇಕು. ಉಬ್ಬಿ ಬಿರಿದ ಬೀಜ ಒಂದು ಮಧ್ಯಾಹ್ನ ಪೂರ್ತಿ ಒಣಗಿದರೆ ಸತ್ತೇಹೋಗುತ್ತದೆ.

ಹತ್ತನೇ ದಿನಕ್ಕೆ ಏನೂ ಕಾಣುವುದಿಲ್ಲ. ಎರಡನೇ ವಾರದ ಕೊನೆಗೆ ನೆಲಕ್ಕೆ ಕಣ್ಣು ತಂದು ನೋಡಿದರೆ ಕೂದಲೆಳೆಯಂಥ ಹಸಿರು. ಆಮೇಲೆ ಇನ್ನೊಂದು ಪರೀಕ್ಷೆ: ಮೊಳೆತ ಸಸಿ ಒಂದಿಂಚಿಗೆ ಬಂದು ವಾರಗಟ್ಟಲೆ ಹಾಗೇ ನಿಂತುಬಿಡುತ್ತದೆ. ಅದು ರೋಗವಲ್ಲ, ಮೇಲೆ ಬೆಳೆಯುವ ಮೊದಲು ಕೆಳಗೆ ಬೇರು ಕಟ್ಟಿಕೊಳ್ಳುತ್ತಿದೆ. ಇಲ್ಲಿಯೇ ಹೆಚ್ಚಿನವರು ಗಾಬರಿಯಾಗಿ ಒಂದು ಚೀಲ ರೈ ಗ್ರಾಸ್ ತಂದು ಮೇಲೆ ಎರಚುತ್ತಾರೆ. ದಯವಿಟ್ಟು ಎರಚಬೇಡಿ. ರೈ ವಾರದಲ್ಲಿ ಎದ್ದು, ಬಿಸಿಲು ನೀರು ಎರಡನ್ನೂ ಕಸಿದುಕೊಂಡು, ನೀವು ಎರಡು ತಿಂಗಳು ಶ್ರಮಪಟ್ಟ ಬ್ಲೂಗ್ರಾಸನ್ನು ಹಿಂದಕ್ಕೆ ತಳ್ಳಿಬಿಡುತ್ತದೆ.

ಎಲ್ಲ ಕಡೆ ಮೊಳೆತ ಮೇಲೆ ಸಲಗಳನ್ನು ಕಡಿಮೆ ಮಾಡಿ, ಪ್ರಮಾಣ ಹೆಚ್ಚಿಸಿ. ಕೊನೆಗೆ ಮಳೆಯೂ ಸೇರಿ ವಾರಕ್ಕೆ ಒಂದರಿಂದ ಒಂದೂವರೆ ಇಂಚು ನೀರಿಗೆ ಬಂದು ನಿಲ್ಲಬೇಕು.

ಹಂತ 9: ಮೊದಲ ಕತ್ತರಿ, ಮೊದಲ ಗೊಬ್ಬರ

ಹುಲ್ಲು 3 ಇಂಚಿಗೆ ಬಂದಾಗ ಹರಿತವಾದ ಬ್ಲೇಡಿನಿಂದ, ನೆಲ ಒಣಗಿರುವಾಗ ಕತ್ತರಿಸಿ; ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಮೊಳೆತು ಮೂರು ನಾಲ್ಕು ವಾರಕ್ಕೆ 1000 ಚದರ ಅಡಿಗೆ ಅರ್ಧ ಪೌಂಡ್ ಸಾರಜನಕ ಕೊಡಿ. ಚೀಲದ ಮೇಲಿನ ಮೂರು ಸಂಖ್ಯೆಗಳಲ್ಲಿ ಮೊದಲನೆಯದು ಸಾರಜನಕದ ಶೇಕಡಾವಾರು; ಅದು 25 ಆಗಿದ್ದರೆ 2 ಪೌಂಡ್ ಗೊಬ್ಬರ ಹಾಕಿದರೆ ಅರ್ಧ ಪೌಂಡ್ ಸಾರಜನಕ ಸಿಕ್ಕಿತು. ಅಗಲ ಎಲೆಯ ಕಳೆಗೆ ಔಷಧ ಹೊಡೆಯುವುದನ್ನು ಎರಡು ಮೂರು ಸಲ ಕತ್ತರಿಸುವವರೆಗೆ ತಡೆಯಿರಿ.

ಹಂತ 10: ಎಲೆ, ಹಿಮ, ಮುಂದಿನ ವರ್ಷ

ಅಕ್ಟೋಬರ್‌ನಲ್ಲಿ ಉದುರುವ ಎಲೆಗಳನ್ನು ಸಸಿಗಳ ಮೇಲೆ ಬಿಡಬೇಡಿ, ಒದ್ದೆ ಎಲೆಯ ಪದರದಡಿ ಅವು ಕೊಳೆಯುತ್ತವೆ. ಬ್ಲೋವರನ್ನು ಮೆಲ್ಲಗೆ ಇಟ್ಟು ಹಾರಿಸಿ. ವಸಂತದಲ್ಲಿ ಫೋರ್ಸಿಥಿಯಾ ಪೊದೆ ಹಳದಿ ಹೂ ಬಿಡುವ ಹೊತ್ತಿಗೆ, ನೆಲದ ಉಷ್ಣತೆ 55 ಡಿಗ್ರಿ ಫ್ಯಾರನ್‌ಹೀಟ್ ಸಮೀಪಿಸುವಾಗ, ಕ್ರ್ಯಾಬ್‌ಗ್ರಾಸ್ ತಡೆಯುವ ಔಷಧ ಹಾಕಿ. ಹೊಸ ಹುಲ್ಲಿಗೆ ಯಾವಾಗಿನಿಂದ ಬಳಸಬಹುದೆಂದು ಲೇಬಲ್ ಹೇಳುತ್ತದೆ. ಏಪ್ರಿಲ್‌ನಲ್ಲಿ ಅಲ್ಲಲ್ಲಿ ಮಣ್ಣು ಕಂಡರೆ ಮತ್ತೆ ಬೀಜದ ಅಂಗಡಿಗೆ ಓಡಬೇಡಿ. ಅಂಗೈಯಗಲದ ಖಾಲಿ ಜಾಗಗಳನ್ನು ಅಡಿಕಾಂಡಗಳೇ ಮುಚ್ಚುತ್ತವೆ. ಜೂನ್ ಬರುವವರೆಗೆ ನಿಮ್ಮ ಲಾನಿನ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ.